ಗುಡ್ಡವೂ ಬರಬೇಕು, ನಾನೂ ಬರಬೇಕು

ಮೊನ್ನೆ ಹಿರಿಯೂರಿನಿಂದ ಒಬ್ಬರು ಫೋನು ಮಾಡಿದ್ದರು. ಮುಖಪರಿಚಯವೂ ಇಲ್ಲದವರು. ನನ್ನ ಹತ್ತಿರ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಇದೆಯೆಂದು ಯಾರೋ ಹೇಳಿದರಂತೆ. "ಸಾರ್, ನಾನೂ ಅಂಥದ್ದೇ ಒಂದು ತಗಂಡೀನಿ. ವೈಡ್ ಲೆನ್ಸ್ ಯಾವ್ದು ಹಾಕ್ಲಿ? ಮೂವತ್ತೈದಾ, ಇಪ್ಪತ್ತೆಂಟಾ, ಇಪ್ಪತ್ತೊಂದಾ?" ಎಂದು ಕೇಳಿದರು. "ಯಾವ್ದಾದ್ರೂ ತಗಳ್ರಿ, ಆದ್ರೆ ಬೇಗ ತಗಳ್ರಿ" ಎಂದೆ. ತಮಾಷೆಯೆಂದುಕೊಂಡು ನಕ್ಕರು. ನಾನೂ ನಕ್ಕು ಫೋನಿಟ್ಟೆ. ನಾನು ಹೇಳಿದ್ದು ತಮಾಷೆಯಾಗಿರಲಿಲ್ಲ.

ಒಂದು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ್ದರೆ ಆ ಮನುಷ್ಯರ ಫೋನಿನ ಚಾರ್ಜು ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಹೊಸದುರ್ಗದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಪಾಠ ಶುರುವಾದರೆ ಬೆಲ್ಲು ಹೊಡೆಯಬೇಕು, ಇಲ್ಲವೇ ಹುಡುಗರು ನಿದ್ದೆ ಹೋಗಬೇಕು. ಈಗಲೂ ನಿಮಗೆ ಒಂದು ಚೂರು ಪಾಠ ಮಾಡದೆ ವಿಧಿಯಿಲ್ಲ, ಸಹಿಸಿಕೊಳ್ಳಿ. ಲೆನ್ಸಿನ ನಂಬರು ಸಣ್ಣದಾದಷ್ಟೂ ಅದರ ನೋಟ ಅಗಲ. ಐವತ್ತರಲ್ಲಿ ನಾಲ್ಕು ಜನ ಹಿಡಿಸಿದರೆ ಇಪ್ಪತ್ತೆಂಟರಲ್ಲಿ ಏಳೆಂಟು ಜನ ಹಿಡಿಸುತ್ತಾರೆ. ಇನ್ನು ರೇಂಜ್‌ಫೈಂಡರ್ ಎಂಬ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಅದರ ಪಕ್ಕದಲ್ಲಿರುವ ಒಂದು ಪುಟ್ಟ ಕಿಟಕಿಯಲ್ಲಿ ನೋಡುತ್ತೇವೆ. ಕಿಟಕಿಯ ನಡುವೆ ತೆಳು ಹಳದಿ ಚೌಕವೊಂದಿದೆ. ಅದರೊಳಗೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡೂ ಹತ್ತಿರ ಬಂದು ಒಂದಾಗುತ್ತವೆ. ಆಗ ಫೋಕಸ್ ಆಯಿತೆಂದು ಅರ್ಥ. ಇದಕ್ಕೆ ನೆಟ್ಟಗೆ ನಿಂತ ಒಂದು ಗೆರೆ ಬೇಕು. ಕಂಬವಾದರೂ ಆದೀತು, ಬಾಗಿಲ ಚೌಕಟ್ಟಾದರೂ ಆದೀತು, ಸೀರೆಯ ಅಂಚಾದರೂ ಆದೀತು.

ನನಗೆ ಯಾವಾಗಲೂ ಸೀರೆಯ ಅಂಚೇ ಆಗಬೇಕಿತ್ತು, ಅದೂ ನೀಲಕ್ಕನ ಸೀರೆಯದು.

ನೀಲಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೊಳಲ್ಕೆರೆ ತಾಲೂಕಿನ ರಾಮಗಿರಿಗೆ ಅವಳನ್ನು ಕೊಟ್ಟಾಗ ನಾನು ಚಡ್ಡಿಯ ಗುಂಡಿ ಸರಿಯಾಗಿ ಹಾಕಿಕೊಳ್ಳಲು ಬಾರದ ಹುಡುಗ. ಶಾಲೆಗೆ ರಜೆ ಬಿಟ್ಟ ಮಾರನೇ ದಿನವೇ ರೈಲು ಹತ್ತಿ ರಾಮಗಿರಿ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ಅಕ್ಕನ ಮನೆಯ ಅಂಗಳದಲ್ಲಿ ನಿಂತರೆ ಗಿಡ್ಡ ಕಾಂಪೌಂಡಿನಾಚೆಗೆ ಗುಡ್ಡ ಕಾಣುತ್ತದೆ. ಅದನ್ನು ಹತ್ತುವಾಗ ಅರ್ಧ ದಾರಿಗೆ ನನ್ನ ಕಾಲು ನೋಯುತ್ತಿತ್ತು. "ಲೇ, ನೀನು ಕಾಲು ನೋವು ಅಂದ್ರೆ ನನ್ನ ಸೊಂಟ ಕೇಳಿಸ್ಕಂತೈತೆ" ಎಂದು ಬೈಯುತ್ತಲೇ ಎತ್ತಿಕೊಳ್ಳುತ್ತಿದ್ದಳು. ಅವಳ ಹೆಗಲ ಮೇಲಿನಿಂದ ಕೆಳಗೆ ನೋಡಿದರೆ ಮನೆಗಳೆಲ್ಲ ಬೆಂಕಿಪೊಟ್ಟಣದಷ್ಟಿರುತ್ತಿದ್ದವು. ನನ್ನ ಮೊದಲ ವೈಡ್ ಆಂಗಲ್ ಅದೇ ಇರಬೇಕು.

ನೌಕರಿ ಸಿಕ್ಕ ಹೊಸತರಲ್ಲಿ ಚಿತ್ರದುರ್ಗದ ಸ್ಟುಡಿಯೋ ರಹಮತ್ ನನ್ನ ಕೈಗೆ ಒಂದು ಹಳೇ ರೀಲಿನ ರೇಂಜ್‌ಫೈಂಡರ್ ದಾಟಿಸಿದ. ಅವತ್ತಿನಿಂದ ನಮ್ಮ ಬಂಧುಬಳಗದ ಎಲ್ಲ ಶುಭಕಾರ್ಯಕ್ಕೂ ನಾನೇ ಫೋಟೋಗ್ರಾಫರ್. ಯಾರೂ ನೇಮಿಸಿದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಆ ಕ್ಯಾಮೆರಾದಲ್ಲಿ ಐವತ್ತರ ಲೆನ್ಸಿತ್ತು. ಅಕ್ಕನ ಮನೆಯ ಜಗಲಿಗೆ ಬೆನ್ನು ಹಚ್ಚಿ ನಿಂತರೂ ಕಾಂಪೌಂಡಿನ ಮುಂದಿನ ಗುಂಪು ಪೂರ್ತಿ ಹಿಡಿಸುತ್ತಿರಲಿಲ್ಲ. ಅಂಚಿನಲ್ಲಿ ನಿಂತವರ ಒಂದೊಂದು ಕಿವಿ ನನ್ನ ಫೋಟೋಗಳಲ್ಲಿ ಖಾಯಂ ಗೈರುಹಾಜರು.

ನನ್ನ ಪದ್ಧತಿ ಹೀಗಿತ್ತು. ಗುಂಪು ಸೇರುವ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಬೇಕು. ಜನ ಬಂದಮೇಲೆ ಬಳೆ ತಿರುಗಿಸುತ್ತ ಕೂತರೆ ಮಕ್ಕಳು ಅಳುತ್ತವೆ, ಗಂಡಸರು ಬೀಡಿ ಸೇದಲು ಹೋಗುತ್ತಾರೆ. ಅದಕ್ಕೇ "ಅಕ್ಕ, ಒಂಚೂರು ಅಲ್ಲಿ ನಿಂತ್ಕ" ಎನ್ನುತ್ತಿದ್ದೆ. ಅವಳು ಕೈಯ ಹಿಟ್ಟೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಗುಂಪು ನಿಲ್ಲುವ ಜಾಗದ ನಟ್ಟನಡುವೆ ನಿಲ್ಲುತ್ತಿದ್ದಳು. ಇಳಕಲ್ ಸೀರೆಯ ಕೆಂಪು ಅಂಚಿನ ಮೇಲೆ ಹಳದಿ ಚೌಕ ಇಟ್ಟು, ಎರಡು ಅಂಚು ಒಂದಾಗುವ ತನಕ ಬಳೆ ತಿರುಗಿಸುತ್ತಿದ್ದೆ. "ತೆಗ್ದ್ಯಾ?" ಎನ್ನುವಳು. "ಇಲ್ಲಕ್ಕ, ಫೋಕಸ್ ಆಯ್ತು, ಬಾ ಈಕಡೆ" ಎನ್ನುವೆ. ಅವಳು ಬಂದು ನನ್ನ ಪಕ್ಕ ನಿಂತು ಮಿಕ್ಕವರನ್ನು ಜೋಡಿಸುವಳು. "ಒತ್ತಿ ನಿಂತ್ಕಳ್ರಿ, ಏನ್ ಜಗಳ ಆಡಿದೀರಾ? ಏನಪ್ಪ ಗೌಡ, ಆ ಹೊಟ್ಟೆ ಒಳಗೆ ಎಳ್ಕ." ಮೂವತ್ತು ವರ್ಷ ನಮ್ಮ ಮನೆತನದ ಎಲ್ಲ ಫೋಟೋಗಳೂ ನೀಲಕ್ಕನ ಮೇಲೆ ಫೋಕಸ್ ಆದವು. ಒಂದರಲ್ಲೂ ನೀಲಕ್ಕ ಇಲ್ಲ.

ನನ್ನ ಪಕ್ಕ ನಿಂತು ನಿಂತು ಅವಳಿಗೆ ಆ ಕ್ಯಾಮೆರಾದ ಮರ್ಮವೆಲ್ಲ ತಿಳಿದುಹೋಗಿತ್ತು. ಕಿಟಕಿ ಬೇರೆ, ಲೆನ್ಸ್ ಬೇರೆಯಾದ್ದರಿಂದ ಈ ಕ್ಯಾಮೆರಾದವರು ಮಾತ್ರ ಮಾಡುವ ಒಂದು ತಪ್ಪಿದೆ. ಲೆನ್ಸಿನ ಮುಚ್ಚಳ ತೆಗೆಯದೆಯೇ ಫೋಟೋ ಹೊಡೆಯುತ್ತ ಹೋಗುವುದು. ಕಿಟಕಿಯಲ್ಲಿ ಎಲ್ಲ ಚೆಂದವಾಗಿ ಕಾಣುತ್ತಿರುತ್ತದೆ, ಒಳಗೆ ಮಾತ್ರ ಕತ್ತಲೆ. ತುರುವನೂರಿನ ಒಂದು ಮದುವೆಯಲ್ಲಿ ಗಂಡು ಹೆಣ್ಣನ್ನು ಹೀಗೆ ನಿಲ್ಲಿಸಿ, ಹಾಗೆ ಕೂರಿಸಿ, ಗದ್ದ ಎತ್ತಿಸಿ ಇಳಿಸಿ ಮೆರೆಯುತ್ತಿದ್ದೆ. ಅಕ್ಕ ಕಿವಿಯ ಹತ್ತಿರ ಬಂದು, "ಲೇ ತಮ್ಮ, ಮುಚ್ಚಳ ತೆಗಿಯೋ, ಬೀಗರು ನೋಡ್ತಾವ್ರೆ" ಎಂದಳು. ಇನ್ನೊಂದೂ ಅವಳಿಗೆ ಗೊತ್ತಿತ್ತು. ಗುಂಡಿ ಒತ್ತಿದರೆ ಆ ಕ್ಯಾಮೆರಾ ಸದ್ದೇ ಮಾಡುತ್ತಿರಲಿಲ್ಲ. ಒತ್ತಿದ ಮೇಲೆ ಹೆಬ್ಬೆರಳಿನಲ್ಲಿ ಒಂದು ಪುಟ್ಟ ಸನ್ನೆಕೋಲು ಎಳೆದು ರೀಲು ತಿರುವಬೇಕಿತ್ತು. ಆಗ ಮಾತ್ರ 'ಕರ್ರ್' ಎನ್ನುತ್ತಿತ್ತು. ನಾನು ಎಷ್ಟೋ ಸಲ ತಿರುವುವುದನ್ನು ಮರೆಯುತ್ತಿದ್ದೆ. "ತಿರುವಿದ್ಯೇನೋ?" ಎಂದು ನೆನಪಿಸುತ್ತಿದ್ದವಳು ಅವಳೇ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ಅಕ್ಕನ ಮಗಳ ನಿಶ್ಚಿತಾರ್ಥದ ದಿನ. ರಾಮಗಿರಿಯ ಅದೇ ಅಂಗಳ. ಎಲ್ಲ ಗುಂಪುಗಳ ಫೋಟೋ ಮುಗಿದು ಜನ ಊಟಕ್ಕೆ ಕೈತೊಳೆಯುತ್ತಿದ್ದರು. ಮೂವತ್ತಾರರ ರೀಲಿನಲ್ಲಿ ಒಂದೇ ಒಂದು ಉಳಿದಿದೆಯೆಂದು ಅಕ್ಕನಿಗೂ ಹೇಳಿದ್ದೆ. ನೀಲಕ್ಕ ನಾನು ಕರೆಯದೇ ಬಂದು ತಾನು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತಳು. ಹಸಿರು ಇಳಕಲ್, ಕೆಂಪು ಅಂಚು. "ಎಲ್ಲಾರದ್ದೂ ಆಯ್ತಲ್ಲ, ನಂದೊಂದು ತೆಗ್ದ್ಬಿಡು. ಹಿಂದ್ಗಡೆ ಗುಡ್ಡ ಬರ್ಲಿ" ಎಂದಳು. ನಾಚಿಕೊಂಡಿದ್ದಳು. ನಾನು ಕ್ಯಾಮೆರಾ ಕಣ್ಣಿಗಿಟ್ಟೆ. ಮಟಮಟ ಮಧ್ಯಾಹ್ನ, ಕಣ್ಣ ಕೆಳಗೆ ನೆರಳು ಬೀಳುವ ಕೆಟ್ಟ ಬಿಸಿಲು. ಗುಡ್ಡದ ಹಿಂದೆ ಮೋಡ ಏಳುತ್ತಿತ್ತು. ಸಾಯಂಕಾಲ ಆ ಮೋಡಕ್ಕೆ ಬಣ್ಣ ಬಂದರೆ ಎಂಥಾ ಫೋಟೋ ಆಗುತ್ತದೆಂದು ನನ್ನೊಳಗಿನ ಕಲಾವಿದ ಜೊಲ್ಲು ಸುರಿಸುತ್ತಿದ್ದ. ಅಂಚಿನ ಮೇಲೆ ಫೋಕಸ್ ಮಾಡಿದೆ. ಒತ್ತಲಿಲ್ಲ. "ತೆಗ್ದ್ಯಾ?" ಎಂದಳು. "ಹೂಂ ಅಕ್ಕ, ತೆಗ್ದೆ" ಎಂದೆ.

ಸಂಜೆ ಉಳಿದದ್ದೊಂದನ್ನು ಗುಡ್ಡಕ್ಕೆ ಹೊಡೆದೆ.

ಅವಳು ಮೂರು ಸಲ ಕೇಳಿದಳು, ಫೋಟೋ ಬಂತಾ ಎಂದು. ಮೂರನೇ ಸಲ, "ರೀಲಿಗೆ ಬೆಳಕು ಬಿದ್ದು ಹಾಳಾಗೋಯ್ತು ಅಕ್ಕ, ನಿಂದೊಂದೇ" ಎಂದುಬಿಟ್ಟೆ. "ಹೌದಾ" ಎಂದಳು. ಆಮೇಲೆ "ಇನ್ನೊಂದು ರೊಟ್ಟಿ ಹಾಕ್ಲಾ?" ಎಂದಳು. ಹಾಕಿಸಿಕೊಂಡು ತಿಂದೆ, ಸಾಲದ್ದಕ್ಕೆ ಎಣ್ಣೆಗಾಯಿ ಬೇರೆ ಕೇಳಿದೆ. ಗುಡ್ಡದ ಫೋಟೋ ಮಾತ್ರ ಬಹಳ ಚೆನ್ನಾಗಿ ಬಂತು. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಹೊಸದುರ್ಗದ ನಮ್ಮ ಮನೆಯ ಹಾಲಿನಲ್ಲಿ ನೇತುಹಾಕಿದೆ. ಒಮ್ಮೆ ನಮ್ಮಲ್ಲಿಗೆ ಬಂದ ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಳು. "ನಮ್ಮ ಗುಡ್ಡ. ಯಾವಾಗ ತೆಗ್ದಿದ್ದೋ?" ಎಂದಳು. "ಅದೇ, ನಿಶ್ಚಿತಾರ್ಥದ ದಿನ ಸಾಯಂಕಾಲ" ಎಂದು ನಾಲಗೆ ಜಾರಿತು. "ಸದ್ಯ, ಇದಕ್ಕೆ ಬೆಳಕು ಬೀಳ್ಲಿಲ್ಲ" ಎಂದು ಅಡುಗೆಮನೆಗೆ ಹೋದಳು. ದಡ್ಡ ನಾನು, ಬಚಾವಾದೆ ಎಂದುಕೊಂಡೆ.

ರೀಲುಗಳ ಕಾಲ ಮುಗಿಯಿತು. ನಿವೃತ್ತನಾದಾಗ ಡಿಜಿಟಲ್ ರೇಂಜ್‌ಫೈಂಡರ್ ತಗೊಂಡೆ. ಅದಕ್ಕೂ ಐವತ್ತರ ಲೆನ್ಸೇ. ಹೋದ ಯುಗಾದಿಗೆ ಅಕ್ಕ ಫೋನು ಮಾಡಿದಳು. ಒಂದು ಕಣ್ಣು ಆಗಲೇ ಹೋಗಿತ್ತು, ಒಳಗಿನ ಒತ್ತಡ ಜಾಸ್ತಿಯಾಗಿ. "ಲೇ ತಮ್ಮ, ಇರೋ ಕಣ್ಣೂ ನಿಧಾನಕ್ಕೆ ಹೋಗ್ತೈತಂತೆ, ದುರ್ಗದ ಡಾಕ್ಟ್ರು ಹೇಳಿದ್ರು. ಅಷ್ಟರೊಳಗೆ ಒಂದು ಫೋಟೋ ತೆಗಿ. ಮಕ್ಳು ಮೊಮ್ಮಕ್ಳು ಎಲ್ಲಾ ಬರ್ಬೇಕು, ಗುಡ್ಡಾನೂ ಬರ್ಬೇಕು, ನಾನೂ ಬರ್ಬೇಕು. ಒಂದ್ಸಲ ಕಣ್ಣಾರೆ ನೋಡ್ಬೇಕು." ಮೊಮ್ಮಗಳು ಸಿಂಚನಾ ಪಕ್ಕದಿಂದ, "ನನ್ನ ಮೊಬೈಲಲ್ಲೇ ತೆಗೀತೀನಿ ಅಂದ್ರೆ ಅಜ್ಜಿ ಕೇಳಲ್ಲ ತಾತ" ಎನ್ನುತ್ತಿದ್ದಳು. "ನಿಂದು ಬ್ಯಾಡ, ನನ್ನ ತಮ್ಮ ತೆಗೀತಾನೆ" ಎಂದು ಅಕ್ಕ ಅವಳನ್ನು ಗದರಿಸಿದ್ದು ಕೇಳಿಸಿತು. ನಾನು ಉಬ್ಬಿಹೋದೆ. "ಅಕ್ಕ, ಅಷ್ಟೆಲ್ಲ ಹಿಡಿಸಬೇಕಂದ್ರೆ ವೈಡ್ ಲೆನ್ಸ್ ಬೇಕು. ತಗಂಡು ಬರ್ತೀನಿ" ಎಂದೆ.

ಅಲ್ಲಿಂದ ಶುರುವಾಯಿತು ನನ್ನ ಅಳೆಯುವುದು ಸುರಿಯುವುದು. ರಹಮತ್ ಎಲ್ಲೆಲ್ಲಿಂದಲೋ ಮೂರು ಲೆನ್ಸ್ ತರಿಸಿ, "ನೋಡ್ಕಳಿ ಮೇಷ್ಟ್ರೇ, ಯಾವ್ದು ಪಸಂದ್ ಆಗ್ತೈತೋ ಅದು ಇಟ್ಕಳಿ" ಎಂದು ಕೊಟ್ಟ. ಚಂದ್ರವಳ್ಳಿಗೆ ಹೋದೆ, ಮಾರಿಕಣಿವೆಗೆ ಹೋದೆ. ಒಂದೇ ಬಂಡೆಯನ್ನು ಮೂರೂ ಲೆನ್ಸಿನಲ್ಲಿ ಹಿಡಿದು ಹಿಡಿದು ಚಂದ್ರವಳ್ಳಿಯ ಕೋತಿಗಳಿಗೇ ಬೇಜಾರಾಯಿತು. ಮೂವತ್ತೈದು ಬಹಳ ಸಭ್ಯ, ಆದರೆ ಆ ಅಂಗಳದಲ್ಲಿ ಅಕ್ಕನ ಮನೆಯ ಹನ್ನೊಂದು ಜನ ಹಿಡಿಸುವುದಿಲ್ಲ. ಇಪ್ಪತ್ತೊಂದರಲ್ಲಿ ಊರೇ ಹಿಡಿಸುತ್ತದೆ, ಆದರೆ ಹಿಂದಿನ ಗುಡ್ಡ ಹುತ್ತದಷ್ಟಾಗುತ್ತದೆ, ಅಂಚಿನಲ್ಲಿ ನಿಂತವರ ಮುಖ ಎಳೆದುಕೊಂಡು ಊದುತ್ತದೆ. ರಹಮತ್‌ನ ಭಾವಮೈದ ಅಂಚಿನಲ್ಲಿ ನಿಂತು ಕುಂಬಳಕಾಯಿಯಾದದ್ದನ್ನು ನಾನೇ ಕಂಡೆ. "ಇದು ನಾನಲ್ಲ ಸಾಬ್" ಎಂದು ಅವನು ಹಟ ಹಿಡಿದ. ಇಪ್ಪತ್ತೆಂಟು ಸರಿಹೋಗುತ್ತದೆ, ಆದರೆ ಫೋಟೋದಲ್ಲಿ ಎಷ್ಟು ಹಿಡಿಸುತ್ತದೆಂದು ತೋರಿಸುವ ಅದರ ಗೆರೆಗಳು ಕಿಟಕಿಯ ತೀರಾ ಅಂಚಿನಲ್ಲಿವೆ. ಕನ್ನಡಕ ಹಾಕಿದವನಿಗೆ ಕಾಣುವುದಿಲ್ಲ, ಕನ್ನಡಕ ತೆಗೆದರೆ ನನಗೆ ಏನೂ ಕಾಣುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಕನ್ನಡಕವನ್ನೇ ಬದಲಿಸಿದರೆ ಹೇಗೆಂದು ಒಂದು ತಿಂಗಳು ಯೋಚಿಸಿದೆ. ಇಂಟರ್‌ನೆಟ್ಟಿನಲ್ಲಿ ಯಾವ ಯಾವ ದೇಶದವರೋ ಇಪ್ಪತ್ತೆಂಟು ಮೇಲೋ ಇಪ್ಪತ್ತೊಂದು ಮೇಲೋ ಎಂದು ಜುಟ್ಟು ಹಿಡಿದುಕೊಂಡಿದ್ದರು. ಅದನ್ನೆಲ್ಲ ಪಾರಾಯಣ ಮಾಡಿದೆ.

ಅಕ್ಕ ಲೆನ್ಸಿಗೆ ಗಾಜು ಎನ್ನುತ್ತಿದ್ದಳು. "ಗಾಜು ಸಿಕ್ತೇನೋ?" ಎಂದು ಹಬ್ಬಕ್ಕೊಮ್ಮೆ ಕೇಳುವಳು. "ನೋಡ್ತಿದೀನಿ ಅಕ್ಕ, ಅವಸರ ಮಾಡಬಾರ್ದು" ಎನ್ನುವೆ. ಜೊತೆಗೇ ಅವಳೊಂದು ವರದಿ ಕೊಡುವಳು. ಬಸವ ಜಯಂತಿಗೆ, "ಗುಡ್ಡದ ಮೇಲಿನ ಗುಡಿ ಕಾಣ್ತಿಲ್ಲ ಕಣೋ ಈಗ." ಶ್ರಾವಣದಲ್ಲಿ, "ಬರೀ ಗುಡ್ಡದ ಗೆರೆ ಕಾಣ್ತೈತೆ, ಸೀಸದಲ್ಲಿ ಬರ್ದಂಗೆ." ನನ್ನ ಹೆಂಡತಿ ಒಂದು ದಿನ ತಡೆಯಲಾರದೆ, "ಗುಡ್ಡ ಎಲ್ಲಿಗೂ ಹೋಗಲ್ಲ, ಅತ್ತಿಗೆಮ್ಮನ ಕಣ್ಣು ಹೋಗ್ತೈತೆ. ಇರೋದ್ರಲ್ಲೇ ತೆಗೆಯಾಣ, ನಡೀರಿ ಹೋಗಾಣ" ಎಂದಳು. "ನಿನಗೆ ಇದೆಲ್ಲ ತಿಳಿಯಲ್ಲ" ಎಂದೆ. ನನಗೆ ತಿಳಿದದ್ದಾದರೂ ಏನು? ಅವತ್ತು ಒತ್ತದೇ ಬಿಟ್ಟ ಒಂದು ಫೋಟೋಕ್ಕೆ ಬದಲಾಗಿ, ಯಾರೂ ಎಂದೂ ಕಾಣದಂಥ ಒಂದು ಫೋಟೋ ಅವಳಿಗೆ ಕೊಟ್ಟು ಎದೆಯ ಭಾರ ಇಳಿಸಿಕೊಳ್ಳಬೇಕು. ಅದಕ್ಕೆ ತಕ್ಕ ಲೆನ್ಸೇ ಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸುಳ್ಳು ಹೇಳಿದ್ದು ನಾನು, ತಪ್ಪು ಹುಡುಕಿದ್ದು ಗಾಜಿನಲ್ಲಿ.

ದಸರಾಕ್ಕೆ ಅವಳ ಫೋನು ಬಂತು. ಗಾಜಿನ ಮಾತೂ ಎತ್ತಲಿಲ್ಲ, ಗುಡ್ಡದ ಮಾತೂ ಎತ್ತಲಿಲ್ಲ. "ಎಲ್ಲಾ ಉಂಡ್ರೇನೋ?" ಎಂದು ಕೇಳಿ ಇಟ್ಟಳು. ಕೂಡಲೇ ಸಿಂಚನಾಗೆ ಫೋನು ಮಾಡಿದೆ. "ಹದಿನೈದು ದಿನ ಆಯ್ತು ತಾತ. ದೀಪ ಹಚ್ಚಿದ್ರೂ ಗೊತ್ತಾಗಲ್ಲ ಅಂತಾಳೆ. ನಿಮಗೆ ಹೇಳ್ಬೇಡ ಅಂದಿದ್ಳು" ಎಂದಳು.

ಅವತ್ತೇ ಐದು ನಿಮಿಷದಲ್ಲಿ ಇಪ್ಪತ್ತೆಂಟು ಆರಿಸಿದೆ. ಯುಗಾದಿಯ ದಿನವೂ ಐದು ನಿಮಿಷವೇ ಸಾಕಾಗಿತ್ತು.

ಮುಂದಿನ ಭಾನುವಾರ ರಾಮಗಿರಿಗೆ ಹೋದೆವು. ಗುಡ್ಡದ ಮೇಲೆ ಬೆಳಗಿನ ಒಳ್ಳೇ ಬಿಸಿಲು. ಹನ್ನೊಂದೂ ಜನ ಅಂಗಳದಲ್ಲಿದ್ದರು. ಅಕ್ಕ ಹಸಿರು ಇಳಕಲ್ ಉಟ್ಟಿದ್ದಳು. ಜಗಲಿಯಿಂದಿಳಿದು ಹೆಜ್ಜೆ ಎಣಿಸುತ್ತ ತನ್ನ ಹಳೇ ಜಾಗಕ್ಕೆ ಹೋಗಿ, ಸೆರಗು ಸರಿಮಾಡಿಕೊಂಡು, ನನ್ನ ಕಡೆ ಮುಖಮಾಡಿ ನಿಂತಳು. ಇಪ್ಪತ್ತೆಂಟರಂಥ ಲೆನ್ಸಿನಲ್ಲಿ ಫೋಕಸ್ ಮಾಡುವ ತಾಪತ್ರಯವೇ ಇಲ್ಲ. ಬಿಸಿಲಿದ್ದರೆ ಬಳೆಯನ್ನು ಎಂಟು ಅಡಿಗೆ ಇಟ್ಟುಕೊಂಡರೆ ಹತ್ತಿರದ್ದು ದೂರದ್ದು ಎಲ್ಲವೂ ನಿಚ್ಚಳ. ಸೀರೆಯ ಅಂಚು ಬೇಡ. ಅಕ್ಕನನ್ನು ಮುಂಚೆಯೇ ನಿಲ್ಲಿಸುವುದೂ ಬೇಡ. ಇದನ್ನು ಅವಳಿಗೆ ಹೇಳಬೇಕೆನ್ನುವಷ್ಟರಲ್ಲಿ ಅವಳು ನಾನಿದ್ದ ಕಡೆ ಕೈಚಾಚಿಕೊಂಡು ಬರತೊಡಗಿದ್ದಳು.

"ಆಯ್ತೇನೋ ಫೋಕಸ್ಸು? ಬರ್ಲಾ ಈಕಡೆ?"

"ಬರ್ಬೇಡ ಅಕ್ಕ, ಅಲ್ಲೇ ಇರು. ನೀನೇ ನಡುವೆ ನಿಲ್ಲೋಳು" ಎಂದೆ. ಸಿಂಚನಾ ಅವಳ ತೋಳು ಹಿಡಿದು ವಾಪಸ್ಸು ಕರೆದುಕೊಂಡು ಹೋಗಿ ನಿಲ್ಲಿಸಿದಳು. ಸುತ್ತ ಎಲ್ಲರೂ ನಿಂತರು. ಕಿಟಕಿಯ ಅಂಚಿನ ಗೆರೆ ಕಾಣಿಸಲಿಲ್ಲ, ಕಣ್ಣಲ್ಲಿ ನೀರಿದ್ದರೆ ಯಾವ ಗೆರೆಯೂ ಕಾಣಿಸುವುದಿಲ್ಲ. ಅಂದಾಜಿನ ಮೇಲೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ, ಹತ್ತು ಸಲ ಒತ್ತಿದೆ.

"ತೆಗ್ದ್ಯಾ?"

"ತೆಗ್ದೆ ಅಕ್ಕ."

ಅವಳು ಕುತ್ತಿಗೆ ಓರೆಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ತಿರುವಿದ್ದು ಕೇಳ್ಲಿಲ್ಲಲ್ಲೋ."

"ಇದ್ರಲ್ಲಿ ತಿರುವೋದಿಲ್ಲ ಅಕ್ಕ. ರೀಲೇ ಇಲ್ಲ ಇದಕ್ಕೆ."

"ಹೌದಾ" ಎಂದಳು. ಅದೇ ಹಳೇ "ಹೌದಾ". ಉಳಿದವರು ಚದುರಿ ಒಳಗೆ ಹೋಗುತ್ತಿದ್ದರು. ನಾನು ಹತ್ತಿರ ಹೋಗಿ ಅವಳ ಕೈ ಹಿಡಿದೆ. "ಅವತ್ತೂ ನೀನು ತಿರುವ್ಲಿಲ್ಲ" ಎಂದಳು, ನನಗೊಬ್ಬನಿಗೇ ಕೇಳುವಂತೆ.

"ಅಕ್ಕ, ಅವತ್ತು ನಾನು..."

"ಗೊತ್ತು ಕಣೋ. ಒಂದೇ ಉಳ್ದಿತ್ತು, ಗುಡ್ಡಕ್ಕೆ ಇಟ್ಕಂಡೆ. ಚೆನ್ನಾಗಿ ಬಂದೈತಲ್ಲ ಅದು, ಬಿಡು. ನಡಿ, ರೊಟ್ಟಿ ಆರೋಗ್ತೈತೆ."

ಅದರಲ್ಲಿ ಕೋಪವಿದ್ದಿದ್ದರೆ ಚೆನ್ನಾಗಿತ್ತು. ನಾಲ್ಕು ಬೈದಿದ್ದರೆ, ಬೈಸಿಕೊಂಡು ಹಗುರಾಗುತ್ತಿದ್ದೆ.

ಒಂದು ವಾರದಲ್ಲಿ ಫೋಟೋ ದೊಡ್ಡದು ಮಾಡಿಸಿಕೊಂಡು ಹೋಗಿ ಅವಳ ತೊಡೆಯ ಮೇಲಿಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೇ ಫೋಟೋ ತೆಗೆದಿಲ್ಲ. ಗುಡ್ಡವಿದೆ, ಗುಡಿಯಿದೆ, ಯಾರ ಕಿವಿಯೂ ಕತ್ತರಿಸಿಲ್ಲ. ನಡುವೆ ನೀಲಕ್ಕ, ಸೀರೆಯ ಅಂಚಿನ ಎಳೆ ಎಳೆಯೂ ಎಣಿಸುವ ಹಾಗಿದೆ. ಅವಳು ಕಾಗದದ ಮೇಲೆ ಅಂಗೈ ಆಡಿಸಿ, "ನುಣ್ಣಗೈತೆ" ಎಂದಳು. "ನಾನೆಲ್ಲಿದೀನಿ?" ಎಂದಳು. ಅವಳ ಬೆರಳು ಹಿಡಿದು ನಡುವೆ ಇಟ್ಟೆ. "ಇಲ್ಲಿ ಅಕ್ಕ."

"ಗುಡ್ಡ?"

ಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿದೆ. "ಇಲ್ಲಿ."

"ಅಜ್ಜಿ, ನಗ್ತಾ ಇದೀಯ ಇದ್ರಲ್ಲಿ, ಎಷ್ಟ್ ಚೆನ್ನಾಗಿದೀಯ ಗೊತ್ತಾ!" ಎಂದಳು ಸಿಂಚನಾ.

"ಹೂಂ, ಇದೀನಿ, ಇದೀನಿ" ಎಂದಳು ಅಕ್ಕ. ಆ ದನಿ ನನಗೆ ಗುರುತು ಸಿಕ್ಕಿತು. ಅವತ್ತು ಅದೇ ಅಂಗಳದಲ್ಲಿ ನಾನು "ತೆಗ್ದೆ" ಎಂದದ್ದು ಅದೇ ದನಿಯಲ್ಲಿ. ಅವಳು ಫೋಟೋವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ, ನನ್ನ ಕಡೆ ಚಾಚಿದಳು.

"ತಗ, ನಿಮ್ಮನೆ ಗೋಡೆಗೇ ಹಾಕ್ಕ ಇದನ್ನೂ. ಗುಡ್ಡ ಬಂದೈತೆ ಅಂದ್ಯಲ್ಲ."